ಜೋಮು ಹಿಡಿದ ಕೈ

ಕೈಗೆ ಮುಂಚೆಯೇ ಏನೋ ತಿಳಿದುಬಿಡುತ್ತದೆ ಎಂಬಂಥ ಮಾತನ್ನು ನಾನು ಎಂದೂ ನಂಬಿದವನಲ್ಲ. ಜಯನಗರದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುವವನು. ಇಂಥ ಕಥೆ ಹೇಳಿದವರನ್ನು ಚೆನ್ನಾಗಿ ಗೇಲಿ ಮಾಡಿದ್ದೇನೆ. ಈಗ ನೀವು ನನ್ನನ್ನು ಗೇಲಿ ಮಾಡಿದರೂ ಬೇಸರವಿಲ್ಲ.

ಕೆಲವು ವರ್ಷದ ಹಿಂದೆ, ಒಂದು ಶನಿವಾರ ಮಧ್ಯಾಹ್ನ, ಬಿಟಿಎಂ ಲೇಔಟಿನ ಪಿಜಿಯೊಂದರಿಂದ ಶಾಂಭವಿ ಎಂಬ ಹುಡುಗಿ ಬಂದಳು. ವಿಜಯಪುರದ ಕಡೆಯವಳು. ದವಡೆ ಹಲ್ಲು ಕೀಳಬೇಕಿತ್ತು. ಮರಗಟ್ಟಿಸುವ ಇಂಜೆಕ್ಷನ್ ಹಿಡಿದು ಬಗ್ಗಿದೆ. ನನ್ನ ಬಲಗೈ ಜೋಮು ಹಿಡಿಯಿತು. ಸಿರಿಂಜ್ ನೆಲಕ್ಕೆ ಬಿತ್ತು. ಎಡಗೈಯಲ್ಲಿ ಇನ್ನೊಂದು ಸೂಜಿ ತೆಗೆದುಕೊಂಡು ನನ್ನ ಬಲಗೈ ಬೆರಳಿಗೆ ಚುಚ್ಚಿಕೊಂಡೆ. ರಕ್ತ ಬಂತು, ನೋವಾಗಲಿಲ್ಲ. ನನಗೇ ಪಾರ್ಶ್ವವಾಯು ಹೊಡೆಯಿತೆಂದುಕೊಂಡೆ.

ಆಗ ನನ್ನ ಅಸಿಸ್ಟೆಂಟ್ ಗಿರಿಜಕ್ಕ ಮೆಲ್ಲಗೆ ಹೇಳಿದರು: "ಸಾರ್, ಇವಳ ತುಟಿ ನೋಡಿ."

ನೇರಳೆ ಹಣ್ಣು ತಿಂದ ಹಾಗೆ ನೀಲಿಯಾಗಿತ್ತು. ಉಗುರೂ ಹಾಗೇ. ಏನಾದರೂ ತೆಗೆದುಕೊಂಡೆಯಾ ಎಂದು ಕೇಳಿದರೆ ಬ್ಯಾಗಿನಿಂದ ಒಂದು ಖಾಲಿ ಟ್ಯೂಬ್ ತೆಗೆದಳು.

"ನೋವು ತಡ್ಕೊಳ್ಳಾಕ ಆಗ್ಲಿಲ್ರೀ ಸರ್. ರಾತ್ರಿಯಿಂದ ಇದನ್ನ ಹಚ್ಕೋತ ಕುಂತೀನಿ."

ಅದು ವಸಡು ಮರಗಟ್ಟಿಸುವ ಜೆಲ್. ಅತಿಯಾದರೆ ಕೆಲವರಲ್ಲಿ ಕೆಂಪು ರಕ್ತಕಣಗಳು ಆಮ್ಲಜನಕವನ್ನು ಹೊರಲಾರದೆ ಹೋಗುತ್ತವೆ. ಉಸಿರಾಡುತ್ತಿದ್ದರೂ ಮೈಗೆ ಅದು ತಲುಪುವುದಿಲ್ಲ. ನನ್ನ ಸಿರಿಂಜಿನಲ್ಲಿದ್ದ ಔಷಧಿಯೂ ಅದನ್ನೇ ಮಾಡಬಲ್ಲದು. ಅದನ್ನೂ ಕೊಟ್ಟಿದ್ದರೆ ಆ ಹುಡುಗಿ ಕುರ್ಚಿಯಲ್ಲೇ ಹೋಗಿಬಿಡಬಹುದಿತ್ತು.

ಹತ್ತಿರದ ಆಸ್ಪತ್ರೆಗೆ ಓಡಿದೆವು. ಅಲ್ಲಿ ತೆಗೆದ ಅವಳ ರಕ್ತ ಚಾಕೊಲೇಟ್ ಬಣ್ಣಕ್ಕಿತ್ತು. ಅದಕ್ಕೆ ಮದ್ದಾದ ನೀಲಿ ಔಷಧಿಯನ್ನು ಏರಿಸಿದರು. ಹೊರಗಿನ ಬೆಂಚಿನ ಮೇಲೆ ನಾನು ಆ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನಗೆ ಭಯವಾಗಿತ್ತು, ನಿಜವಾಗಿ ಭಯ. ಇದ್ದಕ್ಕಿದ್ದಂತೆ ಚುಚ್ಚಿಕೊಂಡ ಜಾಗ ಚುರುಗುಟ್ಟಿತು, ಬೆರಳು ಆಡಿದವು. ಅಷ್ಟರಲ್ಲಿ ನರ್ಸ್ ಹೊರಗೆ ಬಂದು, ತುಟಿಗೆ ಬಣ್ಣ ಬರುತ್ತಿದೆ ಎಂದರು.

ಆಮೇಲೆ ನರಗಳ ಡಾಕ್ಟರಿಗೆ ತೋರಿಸಿದೆ, ಸ್ಕ್ಯಾನ್ ಮಾಡಿಸಿದೆ. ಏನೂ ಇಲ್ಲ, ಟೆನ್ಷನ್ ಇರಬೇಕು ಎಂದರು. ಆದರೆ ಕೈ ಜೋಮು ಹಿಡಿದಾಗ ನಾನಿನ್ನೂ ಅವಳ ತುಟಿಯ ಬಣ್ಣ ಗಮನಿಸಿರಲಿಲ್ಲ. ಟೆನ್ಷನ್ ಎಲ್ಲಿಂದ ಬಂತು?

ಗುಣವಾದ ಮೇಲೆ ಶಾಂಭವಿ ಪೇಡಾ ತಂದುಕೊಟ್ಟಳು. ಡಾಕ್ಟರು ಜಾಗ್ರತೆಯಿಂದ ನೋಡಿ ತನ್ನನ್ನು ಉಳಿಸಿದರು ಎಂದೇ ಅವಳು ತಿಳಿದಿದ್ದಾಳೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಮೊದಲೇನು ಹಚ್ಚಿಕೊಂಡಿದ್ದೀರಿ ಎಂದು ಇಂಜೆಕ್ಷನ್‌ಗೆ ಮುಂಚೆ ಕೇಳಲೇಬೇಕು. ಹೊರಗೆ ಜನ ಕಾಯುತ್ತಿದ್ದಾರೆಂದು ಅವತ್ತು ನಾನು ಕೇಳಲಿಲ್ಲ. ನಾನಂತೂ ಚುಚ್ಚಲೆಂದೇ ಬಗ್ಗಿದ್ದೆ. ತಡೆದದ್ದು ನಾನಲ್ಲ.