ಕೀ ಹಿಡಿಯದವನಿಗೆ ಬಸ್ಸಿಲ್ಲ

ಬೆಳಕು ಹರಿಯುವ ಮೊದಲೇ ಬಸ್ ಡಿಪೋದ ಕಿಟಕಿಯ ಹಿಂದೆ ಗೊಣಗಾಟ ಶುರುವಾಗಿದೆ. "ಎಲ್ರೂ ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀರಾ? ಒಬ್ರಾದ್ರೂ ಮಾತಾಡ್ರಪ್ಪಾ." ಚಾಲಕರಿಗೆ ಬಸ್ಸಿನ ಕೀ ಕೊಡುವ ಈ ಹೆಂಗಸು ಇಡೀ ಡಿಪೋಗೆ ಕೀ ಅಕ್ಕ. ಬಸ್ ತೊಳೆಯುವ ಕೆಲಸಕ್ಕೆ ಸೇರಿದ್ದ ಅವರು, ಮಂಡಿ ಸವೆದ ಮೇಲೆ ಈ ಕುರ್ಚಿಗೆ ಬಂದರು. ಎದ್ದು ಕೊಡಲಾಗದೆ ಕುಳಿತಲ್ಲಿಂದಲೇ ಕೀ ಎಸೆಯುತ್ತಾರೆ. ಚಾಲಕರು ಹಿಡಿದು, ಒಂದು ಮಾತಾಡಿ ರೇಗಿಸಿ ಹೋಗುತ್ತಾರೆ.

ಪಕ್ಕದಲ್ಲೇ ಚಾಲಕರಿಂದ ಉಸಿರು ಊದಿಸಿ ನೋಡುವ ಯಂತ್ರವಿದೆ. ಕುಡಿದವನು ಅದಕ್ಕೆ ಸಿಕ್ಕಿಬೀಳುತ್ತಾನೆ. ಖಿನ್ನತೆಗೆ ಅಂಥ ಯಂತ್ರವಿಲ್ಲ ಎಂಬುದೇ ಕೀ ಅಕ್ಕನ ತಲೆನೋವು. "ಜ್ವರ ಬಂದ್ರೆ ರಜೆ ಹಾಕ್ತಾರೆ. ಮನಸ್ಸು ಕೆಟ್ರೆ ಡ್ಯೂಟಿಗೆ ಬರ್ತಾರೆ. ಕೇಳಿದ್ರೆ, ಚೆನ್ನಾಗಿದ್ದೀನಕ್ಕಾ ಅಂತಾರೆ. ಮುಖ ನೋಡಿದ್ರೆ ಹರಳೆಣ್ಣೆ ಕುಡಿದ ಹಾಗಿರುತ್ತೆ. ಏನನ್ನೋಣ ಇವರಿಗೆ?"

ಕೆಲವು ವಾರಗಳ ಹಿಂದಿನ ಮಾತು. ಹರಟೆಮಲ್ಲ ಎಂದೇ ಹೆಸರಾದ ಚಾಲಕನೊಬ್ಬ ಮಾತು ಬಿಟ್ಟಿದ್ದ. ಕೀ ಅಕ್ಕ ಎಸೆದ ಕೀ ಅವನ ಎದೆಗೆ ತಾಗಿ ನೆಲಕ್ಕೆ ಬಿತ್ತು. ಕೈ ಮೇಲೇಳಲೇ ಇಲ್ಲ. ನಿದ್ದೆಗೆಟ್ಟಿರಬೇಕು ಎಂದು ಅವರು ಸುಮ್ಮನಾದರು. ಅದೇ ದಿನ ಅವನು ಕೆಂಪು ದೀಪ ದಾಟಿ ಬಸ್ ನುಗ್ಗಿಸಿದ. ಕಂಡಕ್ಟರ್ ಕಿರುಚಿದ್ದಕ್ಕೆ ಬ್ರೇಕ್ ಬಿತ್ತು. ರಸ್ತೆ ದಾಟುತ್ತಿದ್ದ ತಾಯಿ, ಮಗು ಕೂದಲೆಳೆಯಲ್ಲಿ ಪಾರಾದರು. ಸಂಜೆ ಕಂಡಕ್ಟರ್ ಇದನ್ನು ಕೀ ಅಕ್ಕನಿಗಷ್ಟೇ ಹೇಳಿದ.

ಮರುದಿನವೂ ಕೀ ನೆಲಕ್ಕೇ ಬಿತ್ತು. ಈ ಸಲ ಕೀ ಅಕ್ಕ ಮಂಡಿ ಹಿಡಿದುಕೊಂಡೇ ಎದ್ದುಬಂದು, ಅದನ್ನೆತ್ತಿ ತಮ್ಮ ಜೇಬಿಗೆ ಹಾಕಿಕೊಂಡರು. ಬಸ್ ತಡವಾಯಿತೆಂದು ಮ್ಯಾನೇಜರ್ ಹಾರಾಡಿದರು. "ಕೀ ಕೊಡೋದಷ್ಟೇ ನಿಮ್ಮ ಕೆಲಸ."

"ಕೊಡದೇ ಇರೋದೂ ನನ್ನ ಕೆಲಸಾನೇ ಸಾರ್."

ಹರಟೆಮಲ್ಲ ಅಂಗಲಾಚಿದ. "ಕಣ್ಣು ರಸ್ತೆ ಮೇಲೇ ಇರುತ್ತಕ್ಕಾ. ನಾನೇ ಅಲ್ಲಿರಲ್ಲ. ಯಾರಿಗೂ ಹೇಳ್ಬೇಡಿ, ಕೆಲಸ ಹೋಗುತ್ತೆ."

"ಜನ ಹೋದ್ರೆ ಪರವಾಗಿಲ್ವಾ?" ಎಂದು ಗದರಿಸಿ, ಅವನ ಹೆಂಡತಿಯನ್ನೂ ಕರೆಸಿ ಡಾಕ್ಟರ ಬಳಿಗೆ ಕಳಿಸಿದರು. ಮಾತ್ರೆಗೆ ಮೊದಮೊದಲು ಮಂಪರು ಬರಬಹುದು, ತಾವು ಹೇಳುವ ತನಕ ಸ್ಟೇರಿಂಗ್ ಮುಟ್ಟಕೂಡದು ಎಂದರು ಡಾಕ್ಟರು.

ಈಗ ಅವನಿಗೆ ಟೈರ್ ವಿಭಾಗದಲ್ಲಿ ಕೆಲಸ. ಆದರೂ ದಿನಾ ಬೆಳಗ್ಗೆ ಸಾಲಿನ ಕೊನೆಯಲ್ಲಿ ಬಂದು ನಿಲ್ಲಬೇಕೆಂಬುದು ಕೀ ಅಕ್ಕನ ಕಟ್ಟಪ್ಪಣೆ. ಅವನಿಗೆಂದು ಎಸೆಯುವುದು ತಮ್ಮ ಊಟದ ಡಬ್ಬಿ ಇಡುವ ಕಪಾಟಿನ ಕೀ. "ಇದೇನೂ ಪರೀಕ್ಷೆ ಅಲ್ಲ. ಡಾಕ್ಟರ್ ಕೆಲಸ ಡಾಕ್ಟರಿಗೆ. ಈ ಪುಣ್ಯಾತ್ಮ ಮನೇಲಿ ಮುಸುಕು ಹಾಕ್ಕೊಂಡು ಬಿದ್ಕೋಬಾರದು, ಅಷ್ಟೇ."

ಇಷ್ಟು ದಿನ ಆ ಕೀ ನೆಲಕ್ಕೇ ಬೀಳುತ್ತಿತ್ತು. ಇವತ್ತು ಅವನು ತಡವರಿಸಿ, ಎದೆಗೆ ಒತ್ತಿ ಹಿಡಿಯುತ್ತಾನೆ. ಒಂದು ಗಳಿಗೆ ಅದನ್ನೇ ನೋಡುತ್ತಾನೆ.

"ಅಕ್ಕಾ, ನಿಮ್ಮ ಗುರಿ ದಿನೇ ದಿನೇ ಹಾಳಾಗ್ತಿದೆ."

ಕೀ ಅಕ್ಕ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾರೆ. ಇವನಿಗೆ ಮತ್ತೆ ಬಸ್ ಯಾವಾಗ ಎಂದು ಕೇಳಿದರೆ ಸಿಡುಕುತ್ತಾರೆ.

"ಮೊದಲು ಬಾಯಿ ಬಂತಲ್ಲ. ಬಸ್ಸೇನು ಓಡಿಹೋಗುತ್ತಾ, ಕೀ ನನ್ನ ಹತ್ರ ಇದೆ."