ಮ್ಯಾಂಡೊಲಿನ್ನಿನ ನಾಲ್ಕನೇ ಮೆಟ್ಟಿಲು

ವಕ್ಕಲೇರಿ ಕಡೆಯ ಒಂದು ಊರಿನ ಹಾಲಿನ ಡೇರಿಯಲ್ಲಿ ನಾನು ಟೆಸ್ಟರ್. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕಿಟಕಿಯ ಹಿಂದೆ ಕೂತು, ತಂದ ಹಾಲಿಗೆ ನೀರು ಬೆರೆತಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಈಗ ಎಲ್ಲವನ್ನೂ ಮಿಷಿನ್ನೇ ಹೇಳುತ್ತದೆ. ಆದರೂ ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಗಿಬಿಡುತ್ತದೆ ಎಂದು ಜಂಬ ಕೊಚ್ಚಿಕೊಳ್ಳುವ ಪೈಕಿ ನಾನು. ಇಂಥವನು ಮ್ಯಾಂಡೊಲಿನ್ ಕೊಳ್ಳಲು ಹೋಗಿ ಎರಡು ಸಲ ಟೋಪಿ ಹಾಕಿಸಿಕೊಂಡೆ. ಮೊದಲ ಸಲದ್ದನ್ನು ನೆನೆದರೆ ನಗು ಬರುತ್ತದೆ. ಎರಡನೆಯದನ್ನು ನೆನೆದರೆ ತಲೆ ಎತ್ತಲಾಗುವುದಿಲ್ಲ.

ಮೊದಲನೆಯದು ಫೋನಿನಲ್ಲಿ ಚಿತ್ರ ನೋಡಿ ತರಿಸಿದ್ದು. ಪೆಟ್ಟಿಗೆ ಬಿಚ್ಚಿದಾಗ ಮನೆಯೆಲ್ಲ ಬಣ್ಣದ ವಾಸನೆ. ನೋಡಲು ಬದನೆಕಾಯಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಬೇಸಿಗೆ ಬರುವಷ್ಟರಲ್ಲಿ ಅದರ ಕೊರಳು ಬಾಗಿ, ತಂತಿಗಳು ಮೇಲೆದ್ದು, ಕೆಳಗೆ ಬೆರಳು ತೂರಿಸುವಷ್ಟು ಸಂದಾಯಿತು. ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಗೋಡೆಗೆ ನೇತುಹಾಕಿದ್ದ ಅದು ಯಾರೂ ಮುಟ್ಟದೆಯೇ ಠಣ್ಣೆಂದು ಬಿರಿಯಿತು. ಒಲೆಗೂ ಆಗಲ್ಲ, ಬಣ್ಣದ ಹೊಗೆಗೆ ಅನ್ನ ಕೆಡುತ್ತೆ ಎಂದು ಹೆಂಡತಿ ಅದನ್ನು ಕೋಳಿಗೂಡಿನ ಮೇಲೆ ಎತ್ತಿಟ್ಟಳು.

ಎರಡನೆಯದನ್ನು ಕಣ್ಣಾರೆ ನೋಡಿಯೇ ತಂದೆ. ಕೋಲಾರದಲ್ಲಿ ಮದುವೆಗಳಿಗೆ ಹೋಗುತ್ತಿದ್ದ ಒಂದು ಆರ್ಕೆಸ್ಟ್ರಾ ಡಿಜೆಗಳ ಹಾವಳಿಯಲ್ಲಿ ಮುಚ್ಚಿಹೋಗಿತ್ತು. ಅದರಲ್ಲಿದ್ದವನೊಬ್ಬ ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇಟ್ಟುಕೊಂಡಿದ್ದ. ಕುರ್ಚಿಗಳ ಹಿಂದಿನಿಂದ ಮ್ಯಾಂಡೊಲಿನ್ ಎಳೆದು, ಧೂಳು ಒರೆಸಿ, ಇದು ಎಷ್ಟು ಮದುವೆ ನೋಡಿದೆಯೋ ಲೆಕ್ಕವಿಲ್ಲ ಅಂದ. ಅಷ್ಟು ಮದುವೆಗಳಲ್ಲಿ ನುಡಿದದ್ದು ಪಳಗಿದ ವಾದ್ಯವೇ ಇರಬೇಕು ಎಂದುಕೊಂಡೆ. ಮದುವೆಯಲ್ಲಿ ಮ್ಯಾಂಡೊಲಿನ್ ಕಡೆಗೆ ಯಾರ ಕಿವಿ ಇರುತ್ತದೆ, ಎಲ್ಲರ ಕಣ್ಣೂ ಊಟದ ಮನೆಯ ಬಾಗಿಲ ಮೇಲಿರುತ್ತದೆ ಎಂಬುದು ಹೊಳೆಯಲಿಲ್ಲ.

ಅದರಲ್ಲಿ ಕಣ್ಣಿಗೆ ಕಾಣುವ ದೋಷಗಳು ಇದ್ದವು, ಅವನ್ನು ಸಹಿಸಿಕೊಂಡೆ. ತಂತಿ ಬಿಗಿಯುವ ಬಿರಡೆಗಳು ಜಾರುತ್ತಿದ್ದವು. ಜೋಡಿ ತಂತಿಗಳು ಅತ್ತೆ ಸೊಸೆಯರ ಹಾಗೆ, ಒಂದು ಹೇಳಿದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಒಂದು ಹಾಡು ಮುಗಿಯುವಷ್ಟರಲ್ಲಿ ಬೆರಳ ತುದಿಗಳಲ್ಲಿ ಗೆರೆ ಬೀಳುತ್ತಿತ್ತು. ನನಗೆ ಕಾಣದೆ ಹೋದದ್ದು ನಾಲ್ಕನೇ ಮೆಟ್ಟಿಲು. ಕೊರಳಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳಿಗೆ ನಮ್ಮ ಕಡೆ ಮೆಟ್ಟಿಲು ಅನ್ನುತ್ತಾರೆ. ಯಾವ ಮೆಟ್ಟಿಲಿನ ಹತ್ತಿರ ತಂತಿ ಒತ್ತುತ್ತೇವೋ ಆ ಸ್ವರ ಬರುತ್ತದೆ. ನಾಲ್ಕನೆಯದರಲ್ಲಿ ಬರಬೇಕಾದದ್ದು ಸರಿಗಮದ 'ಗ'. ಯಾರೋ ಆ ಪಟ್ಟಿಯನ್ನು ಕಿತ್ತು ಮತ್ತೆ ಕೂರಿಸುವಾಗ ಕೂದಲೆಳೆಯಷ್ಟು ಹಿಂದಕ್ಕೆ ಕೂರಿಸಿದ್ದರು. ಹಾಗಾಗಿ ನನ್ನ 'ಗ' ಯಾವಾಗಲೂ ಇರಬೇಕಾದ್ದಕ್ಕಿಂತ ಸ್ವಲ್ಪ ತಗ್ಗು. ನನಗಿದು ಗೊತ್ತಾಗಲು ವರ್ಷಗಳೇ ಹಿಡಿದವು.

ನಮ್ಮೂರ ರಾಮಮಂದಿರದಲ್ಲಿ ಶನಿವಾರ ಸಂಜೆ ಭಜನೆ. ಹತ್ತು ಹನ್ನೆರಡು ಹೆಂಗಸರು, ಒಂದು ಢೋಲಕ್, ಎರಡು ಜೊತೆ ತಾಳ, ಅಷ್ಟೇ. ಅವರು ತಮ್ಮ ಪಾಡಿಗೆ ಹಾಡಿಕೊಂಡಿದ್ದರು. ನಾನು ಮ್ಯಾಂಡೊಲಿನ್ ಹಿಡಿದು ಹೋಗಿ ನಡುವೆ ಕೂತ ದಿನದಿಂದ ಯಾರೂ ಕೇಳದೆಯೇ ಗುರುವಾಗಿಬಿಟ್ಟೆ. ಬೆಳಿಗ್ಗೆ ಅವರ ಹಾಲಿಗೆ ತಪ್ಪು ಹೇಳುವ ಬಾಯಿ ಸಂಜೆ ಹಾಡಿಗೂ ತಪ್ಪು ಹೇಳತೊಡಗಿತು. ಅವರಿಗೂ ಊರ ಭಜನೆಗೆ ತಂತಿವಾದ್ಯ ಬಂತಲ್ಲ ಎಂಬ ಹೆಮ್ಮೆ. ನನ್ನ ಮ್ಯಾಂಡೊಲಿನ್ ಹೇಗೆ ನುಡಿದರೆ ಹಾಗೆ ಹಾಡಿದರು. ಕೆಲವೇ ತಿಂಗಳಲ್ಲಿ ಇಡೀ ತಂಡ ನನ್ನ ತಗ್ಗಿದ 'ಗ'ವನ್ನು ಕಂಠಪಾಠ ಮಾಡಿಕೊಂಡಿತು.

ಆಗ ಬಂದವಳು ಅವಳು. ಮಾವಿಗೆ ಹೆಸರಾದ ಶ್ರೀನಿವಾಸಪುರದ ಕಡೆಯ ಊರಿನಿಂದ ನಮ್ಮ ಬೀದಿಯ ರೇಷ್ಮೆ ಸಾಕುವವರ ಮನೆಗೆ ಸೊಸೆಯಾಗಿ ಬಂದಿದ್ದಳು. ತವರಲ್ಲಿ ತೆಲುಗು, ಇಲ್ಲಿ ಕನ್ನಡ. ಮಾತಿನ ಕೊನೆಯನ್ನು ಅವರ ಕಡೆಯವರ ಹಾಗೆ ಎಳೆಯುತ್ತಿದ್ದಳು. ಮೊದಲ ಶನಿವಾರ ಅವಳು ಬಾಯಿಬಿಟ್ಟಾಗ ಢೋಲಕ್ಕಿನವನು ಒಂದು ಕ್ಷಣ ಪೆಟ್ಟು ಮರೆತ. ಗಂಟಲು ಅಷ್ಟು ಸ್ವಚ್ಛವಾಗಿತ್ತು. ಆದರೆ ಒಂದು ಜಾಗ ಬಂದಾಗ ಅವಳ ದನಿ ಉಳಿದವರ ದನಿಯ ಮೇಲೆ ಎದ್ದು ನಿಲ್ಲುತ್ತಿತ್ತು. ಅದು ಯಾವ ಜಾಗ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಹಾಡು ನಿಲ್ಲಿಸಿದೆ. ನಾಲ್ಕನೇ ಮೆಟ್ಟಿಲು ಒತ್ತಿ ಮೀಟಿ, ಇದನ್ನು ಕೇಳಿಸಿಕೊಂಡು ಹಾಡಮ್ಮ ಅಂದೆ. ಅವಳು ಕೇಳಿಸಿಕೊಂಡು ಹಾಡಿದಳು. ಮತ್ತೆ ಮೇಲೆಯೇ ನಿಂತಳು. ಮುಂದಿನ ವಾರವೂ ಅದೇ ಕಥೆ. ಒಂದು ದಿನ ನನಗೆ ರೇಗಿಹೋಯಿತು. "ನಿಮ್ಮೂರ ಮಾವಿನಕಾಯಿ ಥರಾನೇ ಸ್ವಲ್ಪ ಹುಳಿ ಹೊಡೀತಿದೆ ಕಣಮ್ಮ, ಹಣ್ಣಾಗ್ಲಿ, ಆಮೇಲೆ ಮುಂದೆ ಕೂತ್ಕೋ" ಅಂದೆ. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಮಾತು ಚೆನ್ನಾಗಿ ಬಿತ್ತು ಎಂದು ನನಗೂ ಖುಷಿಯಾಯಿತು. ಅವಳು ಎದ್ದು ಹಿಂದಿನ ಸಾಲಿಗೆ ಹೋದಳು.

ಬೇರೆ ಯಾರಾದರೂ ಆಗಿದ್ದರೆ ಭಜನೆಗೆ ಬರುವುದನ್ನೇ ಬಿಡುತ್ತಿದ್ದರು. ಅವಳು ಹಟಕ್ಕೆ ಬಿದ್ದಳು. ಬೆಳಿಗ್ಗೆ ಹಾಲು ಹಾಕಿದ ಮೇಲೆ, ಸಾಲು ಕರಗುವವರೆಗೂ ಕಾದಿದ್ದು, "ಅಣ್ಣಾ, ಅದೊಂದು ಸಲ ಮೀಟಿ" ಅನ್ನುತ್ತಿದ್ದಳು. ಮ್ಯಾಂಡೊಲಿನ್ ಡೇರಿಯಲ್ಲೇ ಬೀರುವಿನ ಮೇಲಿರುತ್ತಿತ್ತು. ನಾನು ದೊಡ್ಡ ಮನಸ್ಸು ಮಾಡಿದವನ ಹಾಗೆ ಇಳಿಸಿ ಮೀಟುತ್ತಿದ್ದೆ. ಅವಳು ಕಣ್ಣು ಮುಚ್ಚಿ, ಮುಖ ಕಿವಿಚಿ, ದನಿಯನ್ನು ಕೆಳಕ್ಕೆ ತಳ್ಳುತ್ತಿದ್ದಳು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗಲೂ ಅದೊಂದೇ ಸ್ವರ ಗುನುಗುತ್ತಾಳೆ ಎಂದು ಅವಳ ಅತ್ತೆ ಆಡಿಕೊಂಡು ನಗುತ್ತಿದ್ದರು. ರಾಗಿ ಬಿತ್ತಿದಾಗ ಶುರುವಾದದ್ದು ಕೊಯ್ಲಿನ ಹೊತ್ತಿಗೆ ಕೈಗೂಡಿತು. ಅವಳ 'ಗ' ನನ್ನ 'ಗ'ದ ಮೇಲೆ ಸರಿಯಾಗಿ ಕೂತಿತು. ಅವತ್ತು ಎಲ್ಲರೆದುರು ಶಹಬಾಸ್ ಅಂದೆ. ಅವಳ ಮುಖ ಅರಳಿದ್ದು ಈಗಲೂ ಕಣ್ಣೆದುರಿಗಿದೆ. ಆ ಶಹಬಾಸನ್ನು ಹೇಗೆ ವಾಪಸ್ಸು ತೆಗೆದುಕೊಳ್ಳುವುದೋ ನನಗೆ ತಿಳಿಯದು.

ವರ್ಷಗಳು ಹೀಗೇ ಕಳೆದವು. ಹೋದ ಕಾರ್ತಿಕದ ಒಂದು ಸೋಮವಾರ ಆವನಿಯ ಗುಡಿಯಲ್ಲಿ ಭಜನೆಗೆ ಕರೆದರು. ಟೆಂಪೋ ಮಾಡಿಕೊಂಡು ಹೋದೆವು. ಆ ಊರಿನ ತಂಡದಲ್ಲಿ ಹಾರ್ಮೋನಿಯಂ ನುಡಿಸುವವರೊಬ್ಬರಿದ್ದರು. ಎರಡೂ ತಂಡ ಸೇರಿ ಹಾಡೋಣ ಅಂದರು. ತಂತಿಗಳನ್ನು ಹಾರ್ಮೋನಿಯಂಗೆ ಕೂಡಿಸಿಕೊಂಡೆ. ಮೆಟ್ಟಿಲು ಮುಟ್ಟದೆ ಮೀಟಿದಾಗ ಎರಡೂ ಒಂದೇ ಆಗಿ ಬೆರೆತವು. ಹಾಡು ಎತ್ತಿಕೊಂಡು ಆ ಜಾಗಕ್ಕೆ ಬಂದದ್ದೇ ತಡ, ಗುಡಿಯ ಪ್ರಾಕಾರದಲ್ಲಿ ಏನೋ ಹಳಸಿದ ಹಾಗಾಯಿತು. ಹಾರ್ಮೋನಿಯಂ ಒಂದು ಕಡೆ, ನಾವೆಲ್ಲ ಇನ್ನೊಂದು ಕಡೆ. ಕೂತಿದ್ದವರು ಮುಖ ಮುಖ ನೋಡಿಕೊಂಡರು.

ಆ ಗಳಿಗೆಯಲ್ಲಿ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ನನ್ನೆದುರು ಮೈಕಿತ್ತು. ಅದರಲ್ಲೇ, ಹಿಂದಕ್ಕೆ ತಿರುಗಿ, "ಶ್ರೀನಿವಾಸಪುರದಮ್ಮ, ಸ್ವಲ್ಪ ಮೆತ್ತಗೆ ಹಾಡು" ಅಂದೆ. ಕೇಳಿಸಿಕೊಂಡು ಯೋಚಿಸಿ ಅಂದದ್ದಲ್ಲ. ಶ್ರುತಿ ಕೆಟ್ಟರೆ ಅವಳೇ ಎಂದು ನಾಲಿಗೆಗೆ ರೂಢಿಯಾಗಿತ್ತು. ಆವನಿಯವರು ನಕ್ಕರು.

ಹಾರ್ಮೋನಿಯಂನವರು ನಗಲಿಲ್ಲ. ನಿಲ್ಲಿಸಿ, ತಮ್ಮ 'ಗ' ಒತ್ತಿ ಹಿಡಿದು, ನಿಮ್ಮದನ್ನು ಮೀಟಿ ಅಂದರು. ಎರಡು ಸ್ವರಗಳೂ ಒಂದಾಗದೆ ಅಲ್ಲಾಡತೊಡಗಿದವು. ಎಲ್ಲ ಮೆಟ್ಟಿಲುಗಳನ್ನೂ ಒಂದೊಂದಾಗಿ ಮೀಟಿಸಿದರು. ಉಳಿದೆಲ್ಲ ಕೂಡಿದವು, ನಾಲ್ಕನೆಯದು ಮಾತ್ರ ಕೂಡಲಿಲ್ಲ. "ಹೆಂಗಸ್ರದ್ದೇನೂ ತಪ್ಪಿಲ್ಲ ಸಾರ್. ಪಾಪ, ನಿಮ್ಮ ಮ್ಯಾಂಡೊಲಿನ್ ಹೆಂಗೈತೋ ಹಂಗೇ ಹಾಡ್ತಾವ್ರೆ" ಅಂದರು. ಅವರು ಮೆಲ್ಲಗೇ ಹೇಳಿದ್ದು, ಆದರೆ ಮೈಕು ಅದನ್ನೂ ಹೇಳಿಬಿಟ್ಟಿತು. ಮಂಗಳಾರತಿಗೂ ನಿಲ್ಲದೆ ಟೆಂಪೋ ಹತ್ತಿ ಕೂತೆ.

ಹಿಂದಿರುಗುವ ದಾರಿಯುದ್ದಕ್ಕೂ ಹೆಂಗಸರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಮ್ಯಾಂಡೊಲಿನ್‌ಗೆ ಹಾಲಿನ ಟೆಸ್ಟ್ ಮಾಡಿಸಬೇಕಿತ್ತು ಅಂದಳೊಬ್ಬಳು. ಅದು ನನಗೆ ತಾಗಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ನನ್ನ 'ಗ' ತಗ್ಗಿದ್ದರೆ, ಬಂದ ಹೊಸದರಲ್ಲಿ ಅದರ ಮೇಲೆ ನಿಂತವಳು ಎಲ್ಲಿ ನಿಂತಿದ್ದಳು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಹೇಳುತ್ತಾರೆ. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯಬಲ್ಲವಳು ಒಬ್ಬಳೇ ಇದ್ದಳು, ಅವಳ ಕಾಲನ್ನು ನಾನು ಡೊಂಕು ಮಾಡಿದ್ದೆ. ಅವಳು ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ನಾಚಿಕೆಯಿಂದ ನಾನು ಮತ್ತೆ ಅತ್ತ ತಿರುಗಲೇ ಇಲ್ಲ.

ಸಂಗೀತ ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಮುಳಬಾಗಿಲಿನಲ್ಲಿ ಬೇರೊಂದು ಮ್ಯಾಂಡೊಲಿನ್ ಕೊಂಡೆ. ಅವರು ಒಂದೊಂದು ಮೆಟ್ಟಿಲನ್ನೂ ಕೇಳಿ ನೋಡಿ ಸರಿಯಿದೆ ಅಂದರು. ಮೊದಲ ಶನಿವಾರ ಹೆಂಗಸರಿಗೆ ಇರುಸುಮುರುಸಾಯಿತು, ಹಳೆಯದೇ ಚೆನ್ನಾಗಿತ್ತು ಅಂದರು. ನಾಲ್ಕಾರು ವಾರಗಳಲ್ಲಿ ಹೊಸದಕ್ಕೆ ಹೊಂದಿಕೊಂಡರು. ಅವರು ಯಾವತ್ತೂ ಮ್ಯಾಂಡೊಲಿನ್ ಹಿಂದೆ ಹೋಗುವವರು. ಅದು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಅವಳಿಗೆ ಮಾತ್ರ ಆಗಲಿಲ್ಲ. ಈಗ ಎಲ್ಲರೂ ಮೇಲೆ, ಅವಳ 'ಗ' ಕೆಳಗೆ. ಅವಳು ಎಷ್ಟು ಎತ್ತಿದರೂ ಅದು ನನ್ನ ಹಳೆಯ ಮೆಟ್ಟಿಲಿಗೇ ಬಂದು ಕೂರುತ್ತಿತ್ತು. ಪಕ್ಕದವಳು ಮೊಣಕೈಯಲ್ಲಿ ತಿವಿದಳು. ಅವತ್ತೂ ಇದೇ ಕಥೆ, ಇವತ್ತೂ ಇದೇ ಕಥೆ, ಆಯಮ್ಮನ ಗಂಟಲೇ ಅಷ್ಟು ಎಂದು ಮುಂದಿನ ಸಾಲಿನವರು ಮಾತಾಡಿಕೊಂಡರು.

ಒಂದು ಸಂಜೆ ಡೇರಿಯಲ್ಲಿ ಎಲ್ಲರೂ ಹೋದ ಮೇಲೆ ಅವಳು ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದಳು. ಹೋಗಿ ನಿಂತೆ. ಮೊದಲು ನೀನು ಹಾಡುತ್ತಿದ್ದುದೇ ಸರಿ, ತಪ್ಪು ನನ್ನ ಮ್ಯಾಂಡೊಲಿನ್ನಿನದು, ಅದನ್ನೇ ಮತ್ತೆ ಹಾಡು ತಾಯಿ ಅಂದೆ. ಅವಳು ಕ್ಯಾನು ಬೋರಲು ಹಾಕಿದಳು.

"ನಂಗೊತ್ತಿತ್ತಣ್ಣಾ," ಅಂದಳು. "ಹತ್ತು ಜನ ಒಂದ್ ಕಡೆ, ನಾನೊಬ್ಳೇ ಒಂದ್ ಕಡೆ ಆಗ್ಬಾರ್ದು ಅಂತ ಕಲ್ತೆ. ಹೊಸದಾಗಿ ಬಂದೋಳು ಬೇರೆ. ಮೊದಲಿದ್ದಿದ್ದು ಹೆಂಗಿತ್ತು ಅಂತ ಈಗ ಹುಡುಕಿದ್ರೂ ಸಿಗ್ತಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಲೋಟ ಕಳೆದುಹೋಯಿತು ಅನ್ನುವಷ್ಟು ಸಾದಾ ಆಗಿ ಹೇಳಿ ಕ್ಯಾನು ಎತ್ತಿಕೊಂಡು ಹೋದಳು.

ಎಲ್ಲರೆದುರು ಅವಮಾನ ಮಾಡಿದವನು ಎಲ್ಲರೆದುರೇ ಒಪ್ಪಿಕೊಳ್ಳಬೇಕು ಅನ್ನಿಸಿತು. ಆ ಶನಿವಾರ ಭಜನೆಗೆ ಮುಂಚೆ ಎದ್ದು ನಿಂತು ನಡೆದದ್ದೆಲ್ಲ ಹೇಳಿದೆ. ನಮ್ಮಲ್ಲಿ ಸರಿಯಾಗಿ ಹಾಡುತ್ತಿದ್ದವಳು ಇವಳೊಬ್ಬಳೇ, ಕೆಡಿಸಿದವನು ನಾನು ಅಂದೆ. ಹೇಳುತ್ತಿರುವಾಗಲೇ ಇದೂ ತಪ್ಪಾಯಿತೆಂದು ತಿಳಿಯಿತು. ಎಲ್ಲರೂ ತಿರುಗಿ ಅವಳನ್ನೇ ನೋಡಿದರು, ಹಿಂದೆ ನೋಡುತ್ತಿದ್ದ ಹಾಗೆಯೇ. ಹಾಗಾದರೆ ಈಗ ಯಾಕೆ ಬರಲ್ಲ ಎಂದು ಒಬ್ಬಳು ಕೇಳಿದಳು. ಒಂದು ಸಲ ಹಾಡಿ ತೋರಿಸು ಅಂದಳು ಇನ್ನೊಬ್ಬಳು. ನಾನು ತಲೆ ತಗ್ಗಿಸಿಕೊಂಡು, ಅವಳಿಗೆ ದಾರಿಯಾಗಲಿ ಎಂದು, ಹೊಸ ಮ್ಯಾಂಡೊಲಿನ್ನಿನಲ್ಲಿ ಆ ಸ್ವರವನ್ನು ಮೆಲ್ಲಗೆ ಮೀಟಿದೆ. ಅವಳು ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

"ನಂಗೆ ತಾಳ ಕೊಡ್ರಣ್ಣಾ," ಅಂದಳು.

ಢೋಲಕ್ಕಿನವನು ಪಕ್ಕದಲ್ಲಿದ್ದ ತಾಳದ ಜೊತೆಯನ್ನು ಅವಳ ಕಡೆಗೆ ಸರಿಸಿದ. ಅವತ್ತಿನಿಂದ ಅವಳು ತಾಳ ಹಾಕುತ್ತಾಳೆ. ಒಂದು ಪೆಟ್ಟೂ ಆಚೀಚೆ ಆಗುವುದಿಲ್ಲ. ಈಚೆಗೆ ನಿಮ್ಮೂರ ಭಜನೆ ಬಹಳ ಚೆನ್ನಾಗಿ ಕೂಡುತ್ತದೆ, ಎಲ್ಲರ ದನಿಯೂ ಒಂದೇ ಆಗಿ ಕೇಳಿಸುತ್ತದೆ ಎಂದು ಬಂದವರು ನನ್ನ ಕೈ ಕುಲುಕುತ್ತಾರೆ. ಕೂಡುತ್ತದೆ, ನಿಜ. ಅವಳು ಹಾಡುತ್ತಿಲ್ಲ.