ಏಜ್ ಎಂದು ಮುಗಿಯುವ ಶಬ್ದಗಳು

ಮದುವೆಯಾಗಿ ಮುಂಬೈ ಪಕ್ಕದ ಡೊಂಬಿವಲಿಗೆ ಬಂದಾಗ ನನಗಿದ್ದದ್ದು ಉಡುಪಿಯ ಕಾಲೇಜಿನ ಇಂಗ್ಲಿಷ್. ಪರೀಕ್ಷೆಗೆ ಅದು ಸಾಕಾಗಿತ್ತು, ಬಿಲ್ಡಿಂಗಿಗೆ ಸಾಕಾಗಲಿಲ್ಲ. ಮೊದಲ ಮಳೆಗಾಲದಲ್ಲಿ ಲೀಕೇಜ್ ಕಲಿತೆ, ಎರಡನೆಯದರಲ್ಲಿ ಸೀಪೇಜ್. ಆಮೇಲೆ ಡ್ರೈನೇಜ್, ಬ್ಲಾಕೇಜ್, ಡ್ಯಾಮೇಜ್ ಒಂದರ ಹಿಂದೆ ಒಂದು ಬಂದವು. ನಮ್ಮ ಹಳೆಯ ಕಟ್ಟಡದಲ್ಲಿ ಏಜ್ ಎಂದು ಮುಗಿಯುವ ಶಬ್ದ ಕಿವಿಗೆ ಬಿತ್ತೆಂದರೆ ಯಾರದೋ ಗೋಡೆ ಒದ್ದೆಯಾಗಿದೆ ಎಂದೇ ಅರ್ಥ. ನನ್ನ ಗಂಡ ಕಟ್ಟಡದ ಸೊಸೈಟಿಯ ಸೆಕ್ರೆಟರಿ, ಊರ ಉಸಾಬರಿಯನ್ನೆಲ್ಲ ತಲೆಗೆ ಕಟ್ಟಿಕೊಳ್ಳುವ ಮನುಷ್ಯ. ಹಾಗಾಗಿ ಈ ಶಬ್ದಗಳೆಲ್ಲ ಮೊದಲು ಬಡಿಯುತ್ತಿದ್ದುದು ನಮ್ಮ ಬಾಗಿಲನ್ನೇ.

ನಾನು ಮನೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ. ಒಂದೇ ಬಾಲದ ಶಬ್ದಗಳನ್ನು ಪಟ್ಟಿ ಮಾಡಿಸುವುದು ನನ್ನ ಪದ್ಧತಿ. ಬಾಲ ಒಂದೇ ಇದ್ದರೂ ಒಂದೊಂದಕ್ಕೆ ಎರಡೆರಡು ಅರ್ಥ, ಹಿಂದೆ ಮುಂದೆ ನೋಡಿ ಅರ್ಥ ಮಾಡಿಕೊಳ್ಳಿ ಎಂದು ಗದರುತ್ತೇನೆ. ಒಮ್ಮೆ ಪ್ಯಾಸೇಜ್ ಓದಿಕೊಂಡು ಬಾ ಎಂದದ್ದಕ್ಕೆ ಒಬ್ಬ ಹುಡುಗಿ ಪುಸ್ತಕ ಹಿಡಿದು ಬಾಗಿಲಾಚೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಳು. ಅವಳ ತಪ್ಪೇನು? ಇಲ್ಲಿ ಪ್ಯಾಸೇಜ್ ಎಂದರೆ ಮನೆ ಮನೆಗಳ ನಡುವಿನ ಓಣಿ, ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಅದು ಓದುವ ವಸ್ತು. ಆದರೂ ಅವಳನ್ನು ತಿಂಗಳುಗಟ್ಟಲೆ ಗೇಲಿ ಮಾಡಿದೆ. ಮಾಡಬಾರದಿತ್ತು.

ಕಳೆದ ವರ್ಷ ಮಳೆ ಮುಗಿದ ಮೇಲೆ ನಮ್ಮ ಕೆಳಗಿನ ಮಹಡಿಯಲ್ಲಿ ಗಟಾರದ ನೀರು ಮೇಲಕ್ಕೆ ಉಕ್ಕತೊಡಗಿತು. ಬಚ್ಚಲಲ್ಲಿ ಕಾಲಿಡುವಂತಿರಲಿಲ್ಲ. ಗಂಡ ಠಾಣೆಯ ಆಫೀಸಿನಿಂದ ದಿನಕ್ಕೆ ನಾಲ್ಕು ಸಲ ಪ್ಲಂಬರನಿಗೆ ಫೋನ್ ಮಾಡುತ್ತಿದ್ದರು, ಅವನು ದಿನಕ್ಕೆ ನಾಲ್ಕು ಸಲ ಇವತ್ತು ಬಂದೆ ಎನ್ನುತ್ತಿದ್ದ. ಹಾಗೆ ಒಂದು ವಾರ ಕಳೆದ ಮೇಲೆ, ಒಂದು ದಿನ ಸಂಜೆ ನಾಲ್ಕೂವರೆಗೆ ಗಂಡನ ಫೋನ್ ಬಂತು. ನನ್ನ ಮುಂದೆ ಎಂಟು ಮಕ್ಕಳು ಸಂತೆ ಕೂಡಿಸಿದ್ದರು.

"ಬ್ಲಾಕೇಜ್ ಉಂಟಂತೆ. ಒಂದಲ್ಲ, ಮೂರು ಕಡೆ," ಎಂದರು.

"ನಾನು ಹೇಳ್ಲಿಲ್ವಾ? ಎಷ್ಟು ವರ್ಷದ ಕೊಳೆ ಕೂತಿದೆಯೋ ಏನೋ."

"ಓಪನ್ ಮಾಡ್ಬೇಕಂತೆ."

"ಮಾಡ್ಲಿ ಮಾರಾಯ್ರೆ. ಇಷ್ಟು ದಿನ ತಳ್ಳಿದ್ದೇ ಹೆಚ್ಚು."

ಆಮೇಲೆ, "ನಿಂಗೆ ಹೆದ್ರಿಕೆ ಆಗುದಿಲ್ವಾ?" ಎಂದು ಕೇಳಿದರು.

"ಹೆದ್ರಿಕೆ ಎಂತದ್ದು? ಒಮ್ಮೆ ಮುಗಿದ್ರೆ ಸಾಕಾಗಿದೆ ನಂಗೆ," ಎಂದೆ.

"ಆಯ್ತು," ಎಂದು ಫೋನಿಟ್ಟರು. ನಾನು ಮಕ್ಕಳ ಕಡೆ ತಿರುಗಿ ಪಾಠ ಮುಂದುವರಿಸಿದೆ.

ಮಕ್ಕಳು ಹೋದ ಮೇಲೆ ಬೆಲ್ ಆಯಿತು. ಬಾಗಿಲಲ್ಲಿ ಪ್ಲಂಬರ್ ನಿಂತಿದ್ದ. ವಿಜಯಪುರದ ಕಡೆಯವನು, ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಾನೆ.

"ಅಕ್ಕಾರ, ಸಾಹೇಬ್ರು ಅದಾರೇನ್ರಿ? ಫೋನ್ ಹಚ್ಚಿದ್ರ ಸ್ವಿಚ್ ಆಫ್ ಅಂತೈತಿ."

"ಬ್ಲಾಕೇಜ್ ಸಿಕ್ಕಿತು ಅಂದ್ರಲ್ಲ? ಮೂರು ಕಡೆ?"

"ಎಲ್ಲಿ ಬ್ಲಾಕೇಜ್ರಿ? ನಾ ಇನ್ನಾ ಚೇಂಬರ್ ಮುಚ್ಚಳಾನೇ ತೆಗದಿಲ್ಲ. ಈಗ ಬರಾಕತ್ತೀನಿ."

ಯಾರು ನೋಡಿದರು ಹಾಗಾದರೆ? ಎಲ್ಲಿಯ ಬ್ಲಾಕೇಜ್? ಫೋನ್ ತೆಗೆದು ಅವರಿಗೆ ಮಾಡಿದೆ, ಸ್ವಿಚ್ ಆಫ್. ಆಗ ವಾಟ್ಸಾಪಿನಲ್ಲಿ ನಾನು ನೋಡದೇ ಬಿಟ್ಟಿದ್ದ ಅವರ ಮೆಸೇಜ್ ಕಾಣಿಸಿತು. ಬೆಳಿಗ್ಗೆ ಹನ್ನೊಂದಕ್ಕೇ ಕಳಿಸಿದ್ದರು. ಎದೆ ನೋವು ಬಂತು, ಆಫೀಸಿನವರು ಠಾಣೆ ಸ್ಟೇಶನ್ ಹತ್ತಿರದ ಆಸ್ಪತ್ರೆಗೆ ತಂದಿದ್ದಾರೆ, ಟೆಸ್ಟ್ ಮಾಡುತ್ತಾರೆ, ಗಾಬರಿಯಾಗಬೇಡ. ನಾನು ಅದನ್ನು ಓದಿದ್ದೇನೆ ಎಂದುಕೊಂಡೇ ಅವರು ಸಂಜೆ ಫೋನ್ ಮಾಡಿದ್ದು.

ಪ್ಲಂಬರ್ ಏನೋ ಕೇಳುತ್ತಲೇ ಇದ್ದ. ಅವನನ್ನು ಅಲ್ಲೇ ಬಿಟ್ಟು ಬೀಗ ಹಾಕಿ ಸ್ಟೇಶನ್ನಿಗೆ ಓಡಿದೆ.

ಸಂಜೆ ಹೊತ್ತು ಮುಂಬೈ ಕಡೆಗೆ ಹೋಗುವ ಗಾಡಿ ಖಾಲಿ ಇರುತ್ತದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಕೂರಲು ಆಗಲಿಲ್ಲ. ಬಾಗಿಲ ಬಳಿಯ ಕಂಬ ಹಿಡಿದು ನಿಂತೇ ಇದ್ದೆ. ದಿವಾ ಬಂತು, ಮುಂಬ್ರಾ ಬಂತು. ನಾನಾಡಿದ ಒಂದೊಂದು ಮಾತೂ ಹೊರಳಿ ಬಂದು ಕೇಳುತ್ತಿತ್ತು. ಕೊಳೆ ಕೂತಿದೆ. ತಳ್ಳಿದ್ದೇ ಹೆಚ್ಚು. ಒಮ್ಮೆ ಮುಗಿದರೆ ಸಾಕಾಗಿದೆ. ಇದು ಒಬ್ಬ ಹೆಂಡತಿ ಗಂಡನ ಎದೆಯ ಬಗ್ಗೆ ಆಡಿದ ಮಾತು! ಇನ್ನು ಅವರಿಗೆ ಏನಾದರೂ ಆಗಿಬಿಟ್ಟರೆ, ಅವರು ನನ್ನಿಂದ ಕೇಳಿದ ಕೊನೆಯ ಮಾತು ಅದೇ ಆಗಿಬಿಡುತ್ತದೆ. ದೇವರೇ, ಅದೊಂದು ಬೇಡ ಎಂದು ಬೇಡಿಕೊಂಡೆ. ಬದುಕಿಸು ಎಂದು ಕೇಳಬೇಕೆಂದು ಹೊಳೆದದ್ದು ಠಾಣೆಗೆ ಒಂದು ಸ್ಟೇಶನ್ ಮೊದಲು, ಕಳವಾ ಬಂದ ಮೇಲೆ.

ಆಸ್ಪತ್ರೆಯ ಕೌಂಟರಿನಲ್ಲಿ ಫಾರ್ಮ್ ತುಂಬುತ್ತಿದ್ದ ನರ್ಸ್, "ಪೇಶೆಂಟ್ ಕಾ ಏಜ್?" ಎಂದು ಕೇಳಿದಳು. ನನಗೆ ಅರ್ಥವೇ ಆಗಲಿಲ್ಲ. ಅಷ್ಟು ವರ್ಷ ಪಟ್ಟಿ ಮಾಡಿಸಿದವಳಿಗೆ ಆ ಬಾಲವೇ ಒಂದು ಶಬ್ದ, ಅದಕ್ಕೂ ಒಂದು ಅರ್ಥವಿದೆ ಎಂಬುದು ಮರೆತೇ ಹೋಗಿತ್ತು. ಅವಳು ಮತ್ತೆ ಕೇಳಿದಾಗ ಐವತ್ತೆಂಟು ಎಂದೆ. ತಪ್ಪು ಹೇಳಿದ್ದೆ, ಅವರಿಗಿನ್ನೂ ಐವತ್ತೇಳು.

ಅಲ್ಪಸ್ವಲ್ಪ ಕನ್ನಡ ಬಲ್ಲ ಡಾಕ್ಟರು ನನ್ನನ್ನು ಬದಿಗೆ ಕರೆದರು. ಬೈಪಾಸ್ ಮಾಡಲೇಬೇಕು, ನಾಳೆಯೇ ಆದರೆ ಒಳ್ಳೆಯದು, ತಡ ಮಾಡಿದರೆ ಯಾವಾಗ ಏನಾಗುತ್ತದೆಂದು ಹೇಳಲು ಬರುವುದಿಲ್ಲ ಎಂದರು. "ಲೇಕಿನ್ ವೋ ಮನಾ ಕರ್ ರಹೇ ಹೈ, ಬೇಡ ಅಂತಿದ್ದಾರೆ. ಸಂಜೆವರೆಗೆ ರಾಜಿ ಇದ್ದರು, ಒಂದು ಫೋನ್ ಮಾಡಿದ ಮೇಲೆ ಮನೆಗೆ ಹೋಗ್ತೇನೆ ಅಂತ ಹಟ," ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿದರು. ನಾನು ವಾರ್ಡಿನ ಕಡೆ ನಡೆದೆ.

ಗಂಡ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಪಕ್ಕದ ಮೇಜಿನ ಮೇಲೆ ಆಪರೇಶನ್ನಿನ ಒಪ್ಪಿಗೆ ಫಾರ್ಮ್ ಸಹಿಯಿಲ್ಲದೆ ಬಿದ್ದಿತ್ತು, ಮೇಲೊಂದು ಪೆನ್ನು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ.

"ನಾನು ಗಟಾರ ಅಂತ ಮಾಡಿದ್ದೆ," ಎಂದೆ. ಬೇರೆ ಪೀಠಿಕೆ ಹೊಳೆಯಲಿಲ್ಲ. "ನಿಮ್ಮ ಮೆಸೇಜ್ ನೋಡಿರ್ಲಿಲ್ಲ. ಪ್ಲಂಬರ್ ಬಂದು ಹೇಳಿದ್ದು ಅಂತ ಮಾಡಿದ್ದೆ. ದೇವರಾಣೆ ನಾನು ಹೇಳಿದ್ದು ಗಟಾರಕ್ಕೆ."

ಅವರು ನಿಧಾನಕ್ಕೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಗಟಾರವಾ?" ಎಂದರು. "ಮೂವತ್ತು ವರ್ಷದ ಮೇಲೆ ಇವಳಿಗೆ ನಾನು ಮುಗಿದ್ರೆ ಸಾಕಾಗಿದೆ ಅಂತ ಗ್ರಹಿಸಿದೆ ಮಾರಾಯ್ತಿ. ಮತ್ತೆ ಯಾರಿಗೋಸ್ಕರ ಎದೆ ಕೊಯ್ಸಿಕೊಳ್ಳುದು?" ಎಂದರು.

ಅವರು ಫಾರ್ಮನ್ನು ನೋಡಿದರು, ನನ್ನನ್ನು ನೋಡಿದರು.

"ಈಗ ಸರಿಯಾಗಿ ಕೇಳ್ತೇನೆ. ಓಪನ್ ಮಾಡ್ಬೇಕಂತೆ. ನಿಂಗೆ ಹೆದ್ರಿಕೆ ಆಗುದಿಲ್ವಾ?"

ಇಲ್ಲ, ನೀವು ಧೈರ್ಯವಾಗಿರಿ ಎಂದು ಹೇಳಬೇಕಿತ್ತು. ಆಸ್ಪತ್ರೆಯಲ್ಲಿ ಎಲ್ಲರೂ ಹೇಳುವುದು ಅದನ್ನೇ. ನನ್ನಿಂದ ಆಗಲಿಲ್ಲ.

"ಜೀವ ಹೋಗುವಷ್ಟು ಆಗ್ತದೆ," ಎಂದೆ.

ಅವರ ಮುಖ ಸಡಿಲವಾಯಿತು. ಪೆನ್ನನ್ನು ನನ್ನ ಕೈಗಿಟ್ಟು, "ಹಾಗಾದ್ರೆ ಸೈನ್ ಮಾಡು," ಎಂದರು.